ಹದಿನಾರು ಲೀಟರಿನ ಕುಕ್ಕರ್

ಒಲೆಯ ಮೇಲೆ ಕುಕ್ಕರ್ ಕೂಗುವ ಹೊತ್ತಿಗೆ ರುಕ್ಮಿಣಮ್ಮ ಹಿತ್ತಲಲ್ಲಿರುತ್ತಿದ್ದರು. ಹುಲಿಕೆರೆಯ ಆ ಮನೆಗೆ ಹೇಮಾಶ್ರೀ ಸೊಸೆಯಾಗಿ ಬಂದು ಹದಿನೈದು ವರ್ಷ ಕಳೆದಿತ್ತು. ತವರಿನಿಂದ ತಂದ ಮೂರು ಲೀಟರಿನ ಕುಕ್ಕರನ್ನು ಅವಳು ಗ್ಯಾಸ್ ಒಲೆಗೆ ಏರಿಸಿದಳೆಂದರೆ ಅತ್ತೆಗೆ ಕೊಟ್ಟಿಗೆಯಲ್ಲಿ ಏನಾದರೊಂದು ಕೆಲಸ ನೆನಪಾಗುತ್ತಿತ್ತು. ಕೂಗು ನಿಂತು, ಬೇಳೆ ಪಾತ್ರೆಗೆ ಸುರಿದ ಸದ್ದು ಕೇಳಿದ ಮೇಲೇ ಒಳಗೆ ಬರುತ್ತಿದ್ದರು. ಮೊದಮೊದಲು ಹೇಮಾಶ್ರೀ ನಗುತ್ತಿದ್ದಳು. ಆಮೇಲೆ ಅದೂ ಮನೆಯ ಇತರ ರೂಢಿಗಳಲ್ಲಿ ಒಂದಾಗಿಹೋಯಿತು.

ಆ ಸಲ ಕಾರ್ತಿಕದಲ್ಲಿ ರುಕ್ಮಿಣಮ್ಮನ ಎಡಗಣ್ಣಿಗೆ ಪೊರೆಯ ಆಪರೇಷನ್ ಆಯಿತು. ನಲವತ್ತೈದು ದಿನ ಹೊಗೆ ತಾಕಬಾರದು, ಸೌದೆ ಒಲೆಯ ಮುಂದೆ ಕೂರಲೇಬಾರದು ಎಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದರು. ಹೊಲದಲ್ಲಿ ರಾಗಿ ತೆನೆ ಕಂದು ಬಣ್ಣಕ್ಕೆ ತಿರುಗಿತ್ತು. ಹುಲಿಕೆರೆಯಲ್ಲಿ ಇವತ್ತಿಗೂ ನಾಲ್ಕೈದು ಮನೆಗಳವರು ರಾಗಿ ಕೊಯ್ಲಿಗೆ ಮುಯ್ಯಾಳು ಹೋಗುತ್ತಾರೆ: ಇವತ್ತು ನಿಮ್ಮ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ನೀವು. ಕೂಲಿಯ ಮಾತಿಲ್ಲ, ಊಟ ಮಾತ್ರ. ಹಾಗಾಗಿ ಊಟದ ಮೇಲೇ ಮನೆಯ ಮರ್ಯಾದೆ ನಿಂತಿರುತ್ತಿತ್ತು. ನಲವತ್ತು ವರ್ಷದಿಂದ ಆ ಊಟವನ್ನು ರುಕ್ಮಿಣಮ್ಮ ಹಿತ್ತಲಿನ ಮೂರು ಕಲ್ಲಿನ ಒಲೆಯ ಮೇಲೆ, ಸೌದೆ ಉರಿಯಲ್ಲಿ, ಒಬ್ಬರೇ ಬೇಯಿಸಿದ್ದರು.

"ಈ ಸಲ ಹೋಟ್ಲಿಂದ ಪಾರ್ಸಲ್ ತರಿಸ್ಬಿಡಣ," ಎಂದ ಮಗ ಮೋಹನ್‌ಕುಮಾರ್. ಅವನು ಅರಸೀಕೆರೆಯ ಬಸ್ ಡಿಪೋದಲ್ಲಿ ಮೆಕ್ಯಾನಿಕ್. "ಹಳೇಬೀಡಲ್ಲಿ ಹೇಳಿದ್ರೆ ಹದಿನೆಂಟು ಊಟ ಆಟೋದಲ್ಲಿ ಕಳಿಸ್ತಾರೆ."

ರುಕ್ಮಿಣಮ್ಮ ಮುರಿಯುತ್ತಿದ್ದ ಮುದ್ದೆಯನ್ನು ತಟ್ಟೆಗೇ ಬಿಟ್ಟರು. "ಮಹದೇವಮ್ಮನ ಮನೇಲಿ ಮೊನ್ನೆ ಹುರುಳಿ ಬಸ್ಸಾರು ಉಂಡು ಬಂದಿದೀಯ. ಅವಳು ನಮ್ಮ ಹೊಲದಲ್ಲಿ ಬೆನ್ನು ಬಗ್ಸಿ ಕೊಯ್ದು ಪ್ಲಾಸ್ಟಿಕ್ ಕವರ್ ಬಿಚ್ಕಂಡು ಉಣ್ಬೇಕಾ? ಅದಕ್ಕಿಂತ ನನ್ ಕಣ್ಣು ಹೋಗ್ಲಿ."

"ಕಣ್ಣು ಹೋದ್ರೆ ಓಡಾಡೋನು ನಾನು ಕಣವ್ವ!"

"ಸುಮ್ಕಿರ್ರಲಾ, ಉಣ್ಣೋ ಹೊತ್ನಲ್ಲಿ," ಎಂದರು ತಿಮ್ಮಯ್ಯ. ರುಕ್ಮಿಣಮ್ಮನ ಗಂಡ. ಎಪ್ಪತ್ತು ದಾಟಿದ್ದರೂ ಊಟದ ಹೊತ್ತು ಐದು ನಿಮಿಷ ಹೆಚ್ಚುಕಮ್ಮಿಯಾದರೆ ಮನೆ ತಲೆಮೇಲೆ ಹೊತ್ತುಕೊಳ್ಳುವ ಆಸಾಮಿ.

ಹೇಮಾಶ್ರೀ ಬೇಲೂರಿನ ಸಹಕಾರ ಸಂಘದಲ್ಲಿ ಗುಮಾಸ್ತೆ. ಬೆಳಗ್ಗೆ ಎಂಟರ ಬಸ್ಸಿಗೆ ಓಡುವವಳು. ಅವಳು ಮೆಲ್ಲಗೆ ಹೇಳಿದಳು: "ಅತ್ತೆ, ಒಂದು ದೊಡ್ಡ ಕುಕ್ಕರ್ ತಗೊಳ್ಳೋಣ. ಸಾರಿನ ಕಾಳು ಒಂದೇ ಸಲಕ್ಕೆ ಬೇಯುತ್ತೆ. ಹೊಗೆ ಇಲ್ಲ, ಗ್ಯಾಸಲ್ಲೇ ಆಗುತ್ತೆ. ನಾನು ಬೆಳಗ್ಗೆ ಮುದ್ದೆಗೆ ಅಣಿಮಾಡಿ ಹೋಗ್ತೀನಿ."

ರುಕ್ಮಿಣಮ್ಮ ಎದ್ದು ಕೈತೊಳೆಯಲು ಹೋದರು. "ಅದು ಈ ಮನೆ ಹೊಸಿಲು ದಾಟಿ ಬರಂಗಿಲ್ಲ," ಎಂದದ್ದು ಬಚ್ಚಲಿನಿಂದ ಕೇಳಿಸಿತು.

"ಯಾಕಜ್ಜಿ? ರೀಸನ್ ಹೇಳು," ಎಂದಳು ಒಂಬತ್ತನೇ ಕ್ಲಾಸಿನ ಮೊಮ್ಮಗಳು ದಿವ್ಯಾ. ತಿಮ್ಮಯ್ಯ ತಲೆ ತಗ್ಗಿಸಿ ಸಾರು ಸುರಿದುಕೊಂಡರು.

ವಾರವೆಲ್ಲ ಇದೇ ಜಗ್ಗಾಟ. ಕೊನೆಗೆ ಹೇಮಾಶ್ರೀ ಅರಸೀಕೆರೆಗೆ ಫೋನು ಮಾಡಿದಳು, ಲಕ್ಕಮ್ಮನಿಗೆ. ತಿಮ್ಮಯ್ಯನವರ ಒಬ್ಬಳೇ ತಂಗಿ, ರುಕ್ಮಿಣಮ್ಮನ ನಾದಿನಿ. ರೈಲ್ವೆಯಲ್ಲಿದ್ದ ಗಂಡ ರಿಟೈರ್ ಆದ ಮೇಲೆ ನಾಮಕರಣ, ಗೃಹಪ್ರವೇಶಗಳಿಗೆ ಮನೆಯಲ್ಲೇ ಅಡುಗೆ ಮಾಡಿ ಕಳಿಸುತ್ತಿದ್ದಳು. ದೊಡ್ಡ ಪಾತ್ರೆಗಳ ವಿಚಾರ ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

"ಶನಿವಾರ ಬನ್ನಿ," ಎಂದಳು ಲಕ್ಕಮ್ಮ. "ಒಲೆ ಅಗಲ ಎಷ್ಟೈತೆ, ಒಲೆಗೂ ಗೋಡೆಗೂ ಎಷ್ಟು ಜಾಗ ಐತೆ, ದಾರದಲ್ಲಿ ಅಳತೆ ತಗಂಡು ಬನ್ನಿ. ನಿಮ್ಮತ್ತೇನೂ ಕರ್ಕೊಂಡು ಬಾ."

"ಬರಲ್ಲ ಅಂತಾರೆ, ಅತ್ತೆ."

"ಕಣ್ಣಿಗೆ ಔಷ್ದಿ ತರಬೇಕು ಅನ್ನು. ಬತ್ತಾರೆ."

ಹಾಗೇ ಆಯಿತು. ಜಾವಗಲ್ಲಿನ ಮೇಲೆ ಹೋಗುವ ಬಸ್ಸಿನಲ್ಲಿ ಕಪ್ಪು ಕನ್ನಡಕ ಹಾಕಿಕೊಂಡು ಕಿಟಕಿ ಪಕ್ಕ ಕೂತ ರುಕ್ಮಿಣಮ್ಮ ಹೊರಗೇ ನೋಡುತ್ತಿದ್ದರು. ತೆಂಗಿನ ತೋಟಗಳು ಹಿಂದಕ್ಕೆ ಓಡುತ್ತಿದ್ದವು. ಅವರ ಮನಸ್ಸೂ ಹಿಂದಕ್ಕೇ ಹೋಗಿತ್ತು.

ಮೊದಲ ಕುಕ್ಕರ್ ಆ ಮನೆಗೆ ಬಂದಾಗ ಮೋಹನ ನಾಲ್ಕು ವರ್ಷದ ಮಗು. ಕೊಬ್ಬರಿ ಮಾರಲು ಅರಸೀಕೆರೆಗೆ ಹೋಗಿದ್ದ ತಿಮ್ಮಯ್ಯ ಹೆಗಲ ಮೇಲೆ ರಟ್ಟಿನ ಡಬ್ಬಿ ಹೊತ್ತು ಬಂದಿದ್ದರು. ಊರಿಗೆ ಅದು ಮೊದಲನೆಯದು. ಅದರ ಕೂಗು ಕೇಳಲೆಂದೇ ಬೀದಿಯ ಹೆಂಗಸರೆಲ್ಲ ಬಂದು ಅಡುಗೆಮನೆ ಬಾಗಿಲಲ್ಲಿ ಕೂತಿದ್ದರು. ಮೊದಲ ಸಲ ಕೂಗಿದಾಗ ಒಬ್ಬಾಕೆ ಮಗುವನ್ನು ಎತ್ತಿಕೊಂಡು ಬೀದಿಗೇ ಓಡಿದ್ದಳು. ಆಗ ಲಕ್ಕಮ್ಮನಿಗೆ ಹದಿನೇಳು, ರುಕ್ಮಿಣಮ್ಮನಿಗೆ ಇಪ್ಪತ್ತಾರು. ಅತ್ತಿಗೆ ನಾದಿನಿ ಎನ್ನುವುದು ಹೊರಗಿನವರಿಗೆ. ಒಳಗೆ ಅವರಿಬ್ಬರೂ ಗೆಳತಿಯರು. ಕೂಗು ಎಣಿಸಲು ಲಕ್ಕಮ್ಮ ಹುಣಸೆಬೀಜ ಇಟ್ಟುಕೊಳ್ಳುತ್ತಿದ್ದಳು. ಒಂದು ಕೂಗಿಗೆ ಒಂದು ಬೀಜ. ಎಣಿಕೆ ತಪ್ಪಿದರೆ ಇಬ್ಬರೂ ಸೆರಗು ಬಾಯಿಗೆ ತುರುಕಿಕೊಂಡು ನಗುವರು. ಮಧ್ಯಾಹ್ನ ಬಟ್ಟೆ ಗಂಟು ಹೊತ್ತು ಕೆರೆಗೆ ಹೋದರೆ ಹುರಿದ ಅವರೆಕಾಳು ಮಡಿಲಲ್ಲಿ ಕಟ್ಟಿಕೊಂಡು ಹೋಗಿ, ಬಟ್ಟೆ ಒಣಗುವ ತನಕ ಬಂಡೆಯ ಮೇಲೆ ಕೂತು ಮಾತು, ಮಾತು, ಮಾತು. ಅಷ್ಟು ಮಾತು ಎಲ್ಲಿಂದ ಬರುತ್ತಿತ್ತೋ. ಆಮೇಲೆ ಮೂವತ್ತಾರು ವರ್ಷದಲ್ಲಿ ಅವರಿಬ್ಬರೂ ಆಡಿದ ಮಾತೆಲ್ಲ ಸೇರಿಸಿದರೂ ಆ ಒಂದು ಮಧ್ಯಾಹ್ನದಷ್ಟು ಆಗಲಿಕ್ಕಿಲ್ಲ.

ಅರಸೀಕೆರೆಯಲ್ಲಿ ಔಷಧಿ ಕೊಂಡು ಪಾತ್ರೆ ಅಂಗಡಿಯ ಕಡೆ ನಡೆದಾಗ ಸೊಸೆಯ ಉಪಾಯ ತಿಳಿದು ರುಕ್ಮಿಣಮ್ಮ ಹಿಂತಿರುಗುವವರಿದ್ದರು, ಆದರೆ ಅಂಗಡಿಯ ಮುಂದೆ ಲಕ್ಕಮ್ಮ ಕಾಯುತ್ತಿದ್ದಳು. ಎಂದಿನಂತೆ ಬಲಗೈಯ ಮೇಲೆ ಸೆರಗು ಹೊದ್ದಿದ್ದಳು. "ಕಣ್ಣು ಎಂಗೈತೆ ಅತ್ಗೆ?"

"ಐತೆ," ಎಂದರು ರುಕ್ಮಿಣಮ್ಮ.

ಅಂಗಡಿಯ ಧರ್ಮೇಶ್ ಇಪ್ಪತ್ತೆರಡು ಲೀಟರಿನದನ್ನೇ ಮೊದಲು ಮುಂದಿಟ್ಟ. "ಮನೇಗೆ ಇದೇ ಬೆಸ್ಟು ಕಣ್ರಮ್ಮ. ಮದ್ವೆಗೂ ಆಯ್ತದೆ."

"ಮದ್ವೆ ಮಾಡ್ತಿಲ್ಲ, ರಾಗಿ ಕೊಯ್ತಿದೀವಿ," ಎಂದಳು ಲಕ್ಕಮ್ಮ. ಹೇಮಾಶ್ರೀಯಿಂದ ದಾರ ಇಸಿದುಕೊಂಡು ತಳಕ್ಕೆ ಸುತ್ತಿ ನೋಡಿದಳು. "ಇದು ಇವರ ಒಲೆಗೆ ಕೂರಲ್ಲ. ಪಕ್ಕದ ಒಲೆಗೆ ತಾಗ್ತದೆ. ಹದಿನಾರು ಲೀಟರಿಂದು ತೋರ್ಸು. ತಳ ದಪ್ಪ ಇರಬೇಕು, ಎರಡು ಕಡೇನೂ ಹಿಡಿ ಇರಬೇಕು."

"ಹದಿನೆಂಟು ಜನಕ್ಕೆ ಹದಿನಾರು ಸಾಕಾಗುತ್ತಾ?" ಎಂದಳು ಹೇಮಾಶ್ರೀ.

"ಕಾಳು ಬೇಯಿಸೋವಾಗ ಅರ್ಧಕ್ಕಿಂತ ಮೇಲೆ ತುಂಬಬಾರದು. ಕಾಳು ಉಬ್ತದೆ, ನೊರೆ ಬತ್ತದೆ, ಸಿಪ್ಪೆ ಹೋಗಿ ಆವಿ ತೂತಿಗೆ ಮೆತ್ಕತದೆ. ಅರ್ಧ ಅಂದ್ರೆ ಎಂಟು ಲೀಟರು. ಬೇಕಾದಷ್ಟಾಯ್ತು."

ಸಿಪ್ಪೆಯ ಮಾತು ಬಂದಾಗ ರುಕ್ಮಿಣಮ್ಮ ಬೀದಿಯ ಕಡೆ ಮುಖ ತಿರುಗಿಸಿದರು. ಲಕ್ಕಮ್ಮ ಅದನ್ನು ನೋಡಿಯೂ ನೋಡದವಳಂತೆ ಧರ್ಮೇಶನಿಂದ ಬಿಂದಿಗೆ ನೀರು ತರಿಸಿ, ಹದಿನಾರು ಲೀಟರಿನ ಕುಕ್ಕರಿಗೆ ಅರ್ಧದ ತನಕ ಸುರಿಸಿದಳು. "ಎತ್ತು, ಅತ್ಗೆ."

"ನಾನ್ಯಾಕೆ?"

"ಎತ್ತೋಳು ನೀನು. ಸೊಸೆ ಬೇಲೂರಲ್ಲಿರ್ತಾಳೆ. ತುಂಬಿದಾಗ ಎತ್ತಕ್ಕಾಗದ ಪಾತ್ರೆ ತಗಂಡು ಏನ್ ಮಾಡ್ತೀಯ?"

ರುಕ್ಮಿಣಮ್ಮ ಸೆರಗು ಸಿಕ್ಕಿಸಿ ಎತ್ತಿದರು. ಒಂದು ಗೇಣು ಮೇಲೆ ಬಂತು. ಭಾರವೇ, ಆದರೆ ಕೈ ಸೋಲಲಿಲ್ಲ. ಇಪ್ಪತ್ತೆರಡು ಲೀಟರಿನದಕ್ಕೂ ಅರ್ಧ ನೀರು ಹಾಕಿ ನೋಡಿದರೆ ಅದು ಅಲ್ಲಾಡಲೇ ಇಲ್ಲ. ಹದಿನಾರೇ ಸರಿ ಎಂದಾಯಿತು. ಲಕ್ಕಮ್ಮ ಮುಚ್ಚಳ ಹಾಕಿ ತೆಗೆದು, ರಬ್ಬರ್ ಬಳೆ ಹಿಂಡಿ ನೋಡಿ, ಅಂಥದೇ ಇನ್ನೊಂದನ್ನು, ಜೊತೆಗೊಂದು ಸೇಫ್ಟಿ ವಾಲ್ವನ್ನು ಕೇಳಿ ಪಡೆದಳು. "ಮನೆಗೆ ಬಂದು ಕಾಫಿ ಕುಡ್ಕೊಂಡು ಹೋಗಿ," ಎಂದು ಕರೆದಳು. "ಬಸ್ಸು ಹೋಗ್ಬಿಡ್ತದೆ," ಎಂದರು ರುಕ್ಮಿಣಮ್ಮ.

ಕೊಯ್ಲಿಗೆ ಮೂರು ದಿನ ಇದ್ದಾಗ ಲಕ್ಕಮ್ಮ ತಾನಾಗಿಯೇ ಹುಲಿಕೆರೆಗೆ ಬಂದಳು. ಹೊಸ ಪಾತ್ರೆಯಲ್ಲಿ ಮೊದಲು ಬರೀ ನೀರು ಕಾಯಿಸಬೇಕೆಂದಳು. ನೀರು ಹಾಕಿ ಮುಚ್ಚಳ ತಿರುಗಿಸಿದಳು. ದಿವ್ಯಾ ಗಡಿಯಾರ ಹಿಡಿದು ಕೂತಳು. ದೊಡ್ಡ ಪಾತ್ರೆ, ಕಾಯಲು ಇಪ್ಪತ್ತು ನಿಮಿಷಕ್ಕೂ ಮೇಲೆ ಹಿಡಿಯಿತು. ಆಮೇಲೆ ಅದು ಕೂಗಿದ್ದು ಸಣ್ಣ ಕುಕ್ಕರಿನ ಹಾಗಲ್ಲ, ಬಾಣಾವರ ದಾಟಿದ ರೈಲಿನ ಹಾಗೆ. ದಿವ್ಯಾ ಕಿರುಚಿ ನಕ್ಕಳು. ತಿರುಗಿ ನೋಡಿದರೆ ಅಜ್ಜಿ ಇರಲಿಲ್ಲ.

ಲಕ್ಕಮ್ಮ ಉರಿ ಆರಿಸಿ ಹಿತ್ತಲಿಗೆ ಹೋದಳು. ರುಕ್ಮಿಣಮ್ಮ ಬೂದಿ ಮುಚ್ಚಿದ ಹಳೆಯ ಒಲೆಯ ಹತ್ತಿರ, ಕಲ್ಲಿನ ಮೇಲೆ ಕೂತಿದ್ದರು.

"ಇನ್ನೂ ಎಷ್ಟು ವರ್ಷ ಇಂಗೆ ಎದ್ದು ಬತ್ತೀಯ?"

"ನಿನ್ ಕೈ ನೋಡ್ದಾಗೆಲ್ಲ ನನ್ ಜೀವ ಹೋಯ್ತದೆ ಕಣೇ."

"ನನ್ ಕೈ ನೀನು ನೋಡಿದ್ಯಾವಾಗ?" ಲಕ್ಕಮ್ಮನ ದನಿ ಏರಿತು. "ಆಸ್ಪತ್ರೇಲಿ ಹದಿನೆಂಟು ದಿನ ಮಲಗಿದ್ದೆ. ಅವ್ವ ಬಂದ್ಲು, ಅಣ್ಣ ಬಂದ. ಬೀದಿ ಜನ ಎಲ್ಲಾ ಬಂದ್ರು. ನೀನು ಬರಲಿಲ್ಲ."

ಆ ದಿನ ರುಕ್ಮಿಣಮ್ಮನಿಗೆ ಗಂಟೆಗಂಟೆಯೂ ನೆನಪಿತ್ತು. ಲಕ್ಕಮ್ಮನನ್ನು ನೋಡಲು ಬೇಲೂರಿನಿಂದ ಗಂಡಿನ ಕಡೆಯವರು ಬಂದು ಪಡಸಾಲೆಯಲ್ಲಿ ಕೂತಿದ್ದರು. ಲಕ್ಕಮ್ಮನ ತಾಯಿ ಎರಡು ಸಲ ಬಂದು ಊಟಕ್ಕೆ ಅವಸರ ಮಾಡಿದ್ದರು. ಸೌದೆ ಒಲೆಯಿಂದ ಇಳಿಸಿದ ಕುಕ್ಕರಿನಲ್ಲಿ ಅವರೆಕಾಳು. ಮುಚ್ಚಳದ ಮೇಲೆ ಕೂಗುವ ಗುಂಡನ್ನು ಸೌಟಿನಿಂದ ಎತ್ತಿದರೆ ಆವಿ ಬರಲಿಲ್ಲ. ಆವಿ ಹೋಗಿ ಮುಗಿಯಿತೆಂದೇ ತಿಳಿದು, "ಗಾಳಿ ಹೋಯ್ತು ಕಣೇ, ತೆಗಿ ಬೇಗ," ಎಂದವರು ರುಕ್ಮಿಣಮ್ಮ. ತೂತಿಗೆ ಸಿಪ್ಪೆ ಕಚ್ಚಿಕೊಂಡಿದ್ದು ಇಬ್ಬರಿಗೂ ಗೊತ್ತಿರಲಿಲ್ಲ. ಲಕ್ಕಮ್ಮ ಮುಚ್ಚಳವನ್ನು ಬಲವಂತವಾಗಿ ತಿರುವಿದಳು. ಮೊಣಕೈಯಿಂದ ಬೆರಳ ತನಕ ಬೆಂದುಹೋಯಿತು. ಗಂಡಿನ ಕಡೆಯವರು ಊಟ ಮಾಡದೆ ಎದ್ದು ಹೋದರು, ಮತ್ತೆ ಬರಲಿಲ್ಲ.

"ನಿಮ್ಮವ್ವ ಬಿಡಲಿಲ್ಲ ಕಣೇ," ಎಂದರು ರುಕ್ಮಿಣಮ್ಮ. "'ಸುಟ್ಟೋಳು ನೀನೇ, ಯಾವ ಮೊಖ ಇಟ್ಕಂಡು ಹೋಯ್ತೀಯ' ಅಂದ್ರು. ಆಮೇಲೆ ಅವರು ಬಿಟ್ರೂ ನಂಗೇ ಧೈರ್ಯ ಬರಲಿಲ್ಲ. ಒಂದಿನ ಹಳೇಬೀಡು ಬಸ್‌ಸ್ಟ್ಯಾಂಡ್ ತನಕ ಹೋಗಿದ್ದೆ. ಬಸ್ಸು ಬಂತು. ಹತ್ತಲಿಲ್ಲ."

"ಹತ್ತಬೇಕಿತ್ತು."

"ಹೂಂ."

"ಆ ಗಂಡು ಹೋದದ್ದಕ್ಕೆ ನಾನ್ಯಾವತ್ತೂ ಅಳಲಿಲ್ಲ. ನಮ್ಮ ಯಜಮಾನ್ರು ಬಂಗಾರದಂಥೋರು. ಕೈ ನೋಡೇ ಒಪ್ಪಿ ಕಟ್ಕಂಡ್ರು. ಆದ್ರೆ ಮುಚ್ಚಳ ತೆಗ್ದೋಳು ನಾನು, ತೆಗಿ ಅಂದೋಳು ನೀನು, ಇಬ್ಬರೂ ಕೂಡಿ ಅತ್ತು ಮುಗುಸಬೇಕಿತ್ತು. ನನ್ನೊಬ್ಬಳನ್ನೇ ಬಿಟ್ಬಿಟ್ಟೆ ನೀನು. ನನ್ ಮನೇಗೆ ಇವತ್ತಿನ ತನಕ ಒಂದು ಹೊತ್ತು ಉಣ್ಣಕ್ಕೆ ಬಂದಿಲ್ಲ. ಮೊನ್ನೆ ಕಾಫಿಗೆ ಕರೆದ್ರೆ ಬಸ್ಸು ಅಂದೆ."

ರುಕ್ಮಿಣಮ್ಮ ಕಣ್ಣೊರೆಸಿಕೊಳ್ಳಲು ಕೈ ಎತ್ತಿದರು.

"ಕಣ್ ಮುಟ್ಬ್ಯಾಡ! ಆಪ್ರೇಷನ್ ಆಗೈತೆ," ಎಂದು ಲಕ್ಕಮ್ಮ ಗದರಿಸಿ, ತನ್ನ ಸೆರಗಿನ ತುದಿಯಿಂದ ಅವರ ಕೆನ್ನೆಯನ್ನಷ್ಟೇ ಒತ್ತಿದಳು. ಸೆರಗು ಜಾರಿದ ತೋಳಿನ ಮೇಲೆ ಚರ್ಮ ಸುಕ್ಕಿದ ಕಾಗದದಂತೆ ಹೊಳೆಯುತ್ತಿತ್ತು. ರುಕ್ಮಿಣಮ್ಮ ಈ ಸಲ ಮುಖ ತಿರುಗಿಸಲಿಲ್ಲ.

ಮರುದಿನ, ಅದರ ಮರುದಿನ ಪಾಠ ನಡೆಯಿತು. ಮುಚ್ಚುವ ಮೊದಲು ಆವಿ ತೂತನ್ನು ಬೆಳಕಿಗೆ ಹಿಡಿದು ನೋಡಬೇಕು. ಆಚೆಯ ಬೆಳಕು ಕಾಣಬೇಕು. ಕಾಳಿಗೆ ಒಂದು ಚಮಚ ಎಣ್ಣೆ ಹಾಕಿದರೆ ನೊರೆ ಏಳುವುದಿಲ್ಲ. ಮೊದಲ ಕೂಗಾದ ಮೇಲೆ ಉರಿ ಸಣ್ಣಗೆ. ಆರಿಸಿದ ಮೇಲೆ ತಾನಾಗಿ ಆವಿ ಇಳಿಯುವ ತನಕ ಮುಟ್ಟಬಾರದು. ರುಕ್ಮಿಣಮ್ಮ ಮೊದಲ ದಿನ ಬಾಗಿಲ ಹತ್ತಿರ ನಿಂತರು, ಎರಡನೆಯ ದಿನ ಒಲೆಯ ಹತ್ತಿರ. ಹೇಮಾಶ್ರೀ ಸಂಜೆ ಬಂದು ನೋಡಿದರೆ ಅತ್ತೆಯೂ ಲಕ್ಕಮ್ಮನೂ ತೊಗರಿಕಾಯಿ ಬಿಡಿಸುತ್ತ ಯಾರದೋ ಹಳೆಯ ಮದುವೆಯ ಕಥೆ ಹೇಳಿಕೊಂಡು ನಗುತ್ತಿದ್ದರು. ಅತ್ತೆಯ ಆ ನಗುವನ್ನು ಹದಿನೈದು ವರ್ಷದಲ್ಲಿ ಅವಳು ಕೇಳಿರಲಿಲ್ಲ.

ಕೊಯ್ಲಿನ ದಿನ ಹೇಮಾಶ್ರೀ ಮುದ್ದೆಯ ಹಿಟ್ಟು, ಮಸಾಲೆ ಎಲ್ಲ ಅಣಿಮಾಡಿಟ್ಟು ಬೇಲೂರಿಗೆ ಹೋದಳು. ಭಾನುವಾರವಲ್ಲದಿದ್ದರೂ ದಿವ್ಯಾ ಶಾಲೆಗೆ ರಜೆ ಹಾಕಿ ಅಜ್ಜಿಯ ಜೊತೆ ನಿಂತಳು. ಲಕ್ಕಮ್ಮ, "ನಾನೂ ನಾಲ್ಕು ಹಿಡಿ ಕೊಯ್ಕಂಡು ಬತ್ತೀನಿ, ಕುಡುಗೋಲು ಹಿಡಿದು ಯಾವ ಕಾಲವಾಯ್ತು," ಎಂದು ಮುಯ್ಯಾಳುಗಳ ಜೊತೆ ಹೊಲಕ್ಕೆ ಹೋದಳು.

ಹನ್ನೆರಡೂವರೆಗೆ ರುಕ್ಮಿಣಮ್ಮ ಅವರೆಕಾಳಿನ ಕುಕ್ಕರ್ ಏರಿಸಿದರು. ತೂತು ನೋಡಿದರು, ಎಣ್ಣೆ ಹಾಕಿದರು. ಅರ್ಧ ಗೆರೆಯ ಮೇಲೆ ಒಂದಿಷ್ಟು ಕಾಳು ಹೆಚ್ಚಾಯಿತು. ಊಟ ಸಾಲದೆ ಹೋದೀತೆಂಬ ಹಳೆಯ ಭಯ. ಒಂದು ಕೂಗು ಬಂತು. ಉರಿ ಇಳಿಸಿದರು. ಎರಡನೆಯದು ಬಂತು. ಆಮೇಲೆ ಬರಲಿಲ್ಲ. ಐದು ನಿಮಿಷ, ಎಂಟು ನಿಮಿಷ. ಸುಯ್ ಎನ್ನುವ ಸದ್ದೂ ನಿಂತುಹೋಯಿತು.

"ಗ್ಯಾಸ್ ಖಾಲಿ ಆಯ್ತಾ ಅಜ್ಜಿ? ಇಲ್ಲ, ಉರೀತಾ ಇದೆ. ವೆಯ್ಟ್ ಎತ್ತಿ ನೋಡ್ಲಾ?" ದಿವ್ಯಾ ಕೈ ಚಾಚಿದಳು.

"ಮುಟ್ಬ್ಯಾಡ!"

ಆ ಕೂಗಿಗೆ ಕೊಟ್ಟಿಗೆಯ ಹಸುವೂ ತಲೆ ಎತ್ತಿತು. ರುಕ್ಮಿಣಮ್ಮ ಮೊಮ್ಮಗಳನ್ನು ರಟ್ಟೆ ಹಿಡಿದು ಬಾಗಿಲಾಚೆಗೆ ನೂಕಿ, ತಾವೇ ದೂರದಿಂದ ಬಾಗಿ ಗ್ಯಾಸ್ ಆರಿಸಿದರು. ಹೀಗೆ ಸದ್ದು ನಿಂತರೆ ಏನೆಂದು ಅವರಿಗೆ ಗೊತ್ತಿತ್ತು.

ಅಷ್ಟರಲ್ಲಿ ಹೊಲದಿಂದ ಜನ ಬಂದರು. ಕೈಕಾಲು ತೊಳೆದು ಪಡಸಾಲೆಯಲ್ಲಿ ಸಾಲಾಗಿ ಕೂತರು. ತಿಮ್ಮಯ್ಯ ಎಲೆ ಹಾಕಿಸಿದರು. "ಆಯ್ತೇನೇ? ಬಡಸು."

"ಆಗಿಲ್ಲ."

"ಆಗಿಲ್ಲ ಅಂದ್ರೆ? ಒಂದೂವರೆ ಆಯ್ತು. ಜನ ಹಸ್ಕಂಡು ಕುಂತವ್ರೆ."

"ಕುಂತಿರ್ಲಿ."

ತಿಮ್ಮಯ್ಯ ಅಡುಗೆಮನೆ ಬಾಗಿಲಿಗೆ ಬಂದರು. "ಒಲೆ ಆರೈತೆ, ಸದ್ದಿಲ್ಲ, ಇನ್ನೇನು? ತೆಗಿ ಮುಚ್ಚಳ. ಎಲೆ ಮುಂದೆ ಕುಂತೋರ್ನ ಕಾಯಿಸಬಾರದು. ನೀನು ತೆಗೀತೀಯೋ, ನಾನು ತೆಗೀಲೋ?"

ರುಕ್ಮಿಣಮ್ಮ ಬಾಗಿಲಿಗೆ ಅಡ್ಡವಾಗಿ ನಿಂತರು. ಎರಡು ಕೈಯೂ ಚೌಕಟ್ಟಿನ ಎರಡು ಬದಿಯ ಮೇಲೆ. ಮದುವೆಯಾದ ನಲವತ್ತೆರಡು ವರ್ಷದಲ್ಲಿ ಹೊರಗಿನವರ ಮುಂದೆ ಗಂಡನಿಗೆ ಎದುರಾಡಿದವರಲ್ಲ.

"ಅರ್ಧ ಗಂಟೇಲಿ ಯಾರೂ ಸಾಯಕ್ಕಿಲ್ಲ ಕಣ್ರೀ. ಅವತ್ತೂ ಜನ ಕುಂತಿದ್ರು. ಅವತ್ತೂ ಹಸಿವು ಅಂದ್ರು. ಅವರ ಹಸಿವಿಗೆ ಒಂದು ಹುಡುಗಿ ಕೈ ಬೆಂದೋಯ್ತು. ಇವತ್ತು ಯಾರ್ ಬೇಕಾದ್ರೂ ಕಾಯ್ಲಿ. ದೇವರೇ ಬಂದು ಕುಂತಿದ್ರೂ ಕಾಯ್ಲಿ. ಮಜ್ಜಿಗೆ ಕೊಡ್ತೀನಿ, ಕುಡೀಲಿ."

ಎಲ್ಲರಿಗಿಂತ ಹಿಂದೆ ಬಂದ ಲಕ್ಕಮ್ಮ ಅಂಗಳದ ಮೆಟ್ಟಿಲ ಮೇಲೆ ನಿಂತಿದ್ದಳು, ಸೊಂಟದಲ್ಲಿ ಕುಡುಗೋಲು, ತಲೆಗೂದಲಲ್ಲಿ ರಾಗಿ ಹೊಟ್ಟು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ನಿಧಾನವಾಗಿ ಬಂದು ಸಾಲಿನ ಕೊನೆಯಲ್ಲಿ, ಮಹದೇವಮ್ಮನ ಪಕ್ಕ, ಖಾಲಿ ಎಲೆಯ ಮುಂದೆ ಕೂತಳು.

"ಮಜ್ಜಿಗೆ ಕೊಡು ಅತ್ಗೆ. ಕಾಯ್ತೀನಿ," ಎಂದಳು.

"ಹೂಂ ಕಣವ್ವ, ನಮಗೂ ಕೊಡು," ಎಂದಳು ಮಹದೇವಮ್ಮ. "ತಿಮ್ಮಣ್ಣಂಗೆ ಮೊದ್ಲು ಕೊಡು, ತಂಪಾಗ್ಲಿ." ಜನ ನಕ್ಕರು. ತಿಮ್ಮಯ್ಯ ತಂಗಿಯ ಕಡೆ ಒಮ್ಮೆ ನೋಡಿದರು. ಗೋಡೆಗೊರಗಿ ಕೂತು, ಕೊಟ್ಟ ಮಜ್ಜಿಗೆಯನ್ನು ಕುಡಿದರು.

ಮುಕ್ಕಾಲು ಗಂಟೆ ಹಿಡಿಯಿತು. ಪಾತ್ರೆ ಆರಿದ ಮೇಲೆ ಲಕ್ಕಮ್ಮ ಮುಚ್ಚಳದ ಮೇಲೆ ತಣ್ಣೀರು ಸುರಿದು, ಮತ್ತೂ ಸ್ವಲ್ಪ ಹೊತ್ತು ಬಿಟ್ಟು ತಲೆಯಾಡಿಸಿದಳು. ಮುಚ್ಚಳ ತೆಗೆದವರು ರುಕ್ಮಿಣಮ್ಮ. ಒಂದಿಷ್ಟೂ ಬಲ ಹಾಕಬೇಕಾಗಲಿಲ್ಲ, ಸಲೀಸಾಗಿ ತಿರುಗಿತು. ಒಳಗಿನಿಂದ ನೋಡಿದರೆ ತೂತಿಗೆ ಒಂದು ಅವರೆ ಸಿಪ್ಪೆ ಅಂಟಿಕೊಂಡಿತ್ತು. ಲಕ್ಕಮ್ಮ ಅದನ್ನು ಕಡ್ಡಿಯಿಂದ ತೆಗೆದು ಬೆರಳ ಮೇಲಿಟ್ಟು ತೋರಿಸಿದಳು. ಇಬ್ಬರೂ ಅದನ್ನೇ ನೋಡಿದರು.

"ಗೆರೆಗಿಂತ ಜಾಸ್ತಿ ಹಾಕಿದೀಯ."

"ಒಂದ್ ಪಾವು ಹಾಕ್ದೆ ಕಣೇ. ಸಾಲದೆ ಹೋದ್ರೆ ಅಂತ."

"ಇನ್ನೊಂದ್ಸಲ ಹಾಕಿದ್ರೆ ನಾನೇ ಹೊಡೀತೀನಿ."

ಸಾರಿಗೆ ಒಗ್ಗರಣೆ ಬಿದ್ದು ಎಲೆಗೆ ಬರುವಾಗ ಮೂರು ಗಂಟೆ. ಅಷ್ಟು ಹಸಿದಿದ್ದ ಜನ ಅಂಥ ಸಾರು ಉಂಡೇ ಇಲ್ಲ ಎಂದರು. ತಿಮ್ಮಯ್ಯ ಮೂರು ಮುದ್ದೆ ಉಂಡರು.

ಹುಲ್ಲು ಬಣವೆಗೆ ಬಿದ್ದ ಮರುದಿನ ಬೆಳಗ್ಗೆ ಲಕ್ಕಮ್ಮ ಹೊರಟು ನಿಂತಳು. ತಿಮ್ಮಯ್ಯ ಜಗಲಿಯ ಮೇಲೆ ಪೇಪರ್ ಹಿಡಿದಿದ್ದರು. ರುಕ್ಮಿಣಮ್ಮ ಒಳಗಿನಿಂದ ಬಂದರು. ಹೊಸ ಸೀರೆ, ಕಪ್ಪು ಕನ್ನಡಕ, ಕೈಯಲ್ಲಿ ಬಟ್ಟೆಯ ಚೀಲ.

"ಇದೇನೇ, ಎಲ್ಲಿಗೆ?"

"ಅರಸೀಕೆರೆಗೆ. ನಾದಿನಿ ಮನೆಗೆ. ನಾಕ್ ದಿನ ಇದ್ದು ಬತ್ತೀನಿ."

"ಮಧ್ಯಾಹ್ನದ ಊಟ?"

"ಅಕ್ಕಿ ಡಬ್ಬೀಲೈತೆ, ಬೇಳೆ ಪಕ್ಕದಲ್ಲೈತೆ. ದಿವ್ಯಾಂಗೆ ಎಲ್ಲಾ ಗೊತ್ತು, ಕೇಳಿ ಕಲ್ತ್ಕಳಿ."

ಸ್ನಾನ ಮುಗಿಸಿ ಬಂದ ಹೇಮಾಶ್ರೀ ಬಾಗಿಲಲ್ಲಿ ನಿಂತು ನಗು ತಡೆದುಕೊಂಡಳು. ಇಬ್ಬರೂ ಬೀದಿಗಿಳಿದರು. ಹಳೇಬೀಡಿನಲ್ಲಿ ಅರಸೀಕೆರೆ ಬಸ್ಸು ಆಗಲೇ ನಿಂತಿತ್ತು, ಜನ ತುಂಬಿತ್ತು. ಲಕ್ಕಮ್ಮ ಮೊದಲು ಹತ್ತಿ, ಮೆಟ್ಟಿಲ ಮೇಲಿನಿಂದ ಬಲಗೈ ಚಾಚಿದಳು. ರುಕ್ಮಿಣಮ್ಮ ಆ ಕೈಯನ್ನು ಬಿಗಿಯಾಗಿ ಹಿಡಿದು ಬಸ್ಸು ಹತ್ತಿದರು.